ಕುಮರಿಯ ಬೂದಿ, ಹಿತ್ತಲಿನ ಗೊಬ್ಬರ

ಬೆಳಗಾವಿಯಿಂದ ಖಾನಾಪುರವನ್ನು ದಾಟಿ ಲೋಂಡಾದ ಕಡೆಗೆ ಹೊರಟರೆ ಬಯಲು ತೀರಿ ಕಾಡು ಎದುರಾಗುತ್ತದೆ. ಮತ್ತಿ, ಹೊನ್ನೆ, ನಂದಿಗಳು ಬೆಳೆದ ಈ ಮಲೆಸೀಮೆಯ ಚರಿತ್ರೆಯಲ್ಲಿ ರಾಜರ ಹೆಸರುಗಳಷ್ಟೇ ಮಹತ್ವದ ಶಬ್ದವೊಂದಿದೆ. ಅದು ಕುಮರಿ.

ಕುಮರಿಯೆಂದರೆ ಕಾಡು ಕಡಿದು, ಸುಟ್ಟು ಮಾಡುವ ಬೇಸಾಯ. ಮಳೆಗಾಲ ಕಳೆದ ಮೇಲೆ ಗುಡ್ಡದ ಇಳಿಜಾರಿನಲ್ಲಿ ಗಿಡಮರಗಳನ್ನು ಕಡಿದು ಒಣಗಲು ಬಿಡುವರು. ಬೇಸಗೆಯ ಕೊನೆಗೆ ಬೆಂಕಿಯಿಡುವರು. ಮೊದಲ ಮಳೆ ಬಿದ್ದೊಡನೆ, ನೇಗಿಲು ಹೂಡದೆಯೇ, ಆ ಬೂದಿಯಲ್ಲಿ ರಾಗಿ ಬಿತ್ತುವರು. ಒಂದೆರಡು ಬೆಳೆ ತೆಗೆದು ಜಾಗವನ್ನು ಬಿಟ್ಟು ಮುಂದೆ ಸಾಗುವರು. ಹತ್ತು ಹನ್ನೆರಡು ವರ್ಷಗಳಲ್ಲಿ ಅಲ್ಲಿ ಮತ್ತೆ ಕಾಡು ಎದ್ದಾಗ ಕೊಡಲಿ ಹಿಂದಿರುಗುವುದು. ಈ ಅವಧಿ ಕಡಿಮೆಯಾದಲ್ಲಿ ಮಣ್ಣು ಕೊಚ್ಚಿಹೋಗುತ್ತಿತ್ತೆಂಬುದೂ ನಿಜವೇ.

ಇಂಗ್ಲಿಷ್ ಅಧಿಕಾರಿಗಳ ಕಣ್ಣಿಗೆ ಕುಮರಿಯವನು ಕಾಡಿನ ಶತ್ರು. ನೆರೆಯ ಕಾನಡಾ ಜಿಲ್ಲೆಯಲ್ಲಿ ೧೮೬೦ರಲ್ಲೇ ಅಪ್ಪಣೆಯಿಲ್ಲದ ಕುಮರಿಗೆ ನಿಷೇಧ ಬಂದಿತು. ೧೮೭೮ರ ಅರಣ್ಯ ಕಾಯಿದೆ ಹಿಡಿತವನ್ನು ಇನ್ನೂ ಬಿಗಿಗೊಳಿಸಿತು. ಅದಾದ ಹತ್ತು ವರ್ಷಗಳೊಳಗೆ ಸದರ್ನ್ ಮರಾಠಾ ರೈಲ್ವೆಯ ಹಳಿ ಖಾನಾಪುರದ ಮೂಲಕ ಲೋಂಡಾಕ್ಕೆ ಬಂದಿತು. ದೇಶದಲ್ಲೆಲ್ಲ ರೈಲು ಹಾಕುವವರಿಗೆ ಮರದ ಸ್ಲೀಪರುಗಳು ರಾಶಿಗಟ್ಟಲೆ ಬೇಕಾಗಿದ್ದವು. ರಾಗಿಗಾಗಿ ಕಡಿದರೆ ಅಪರಾಧ, ರೈಲಿಗಾಗಿ ಕಡಿದರೆ ಪ್ರಗತಿ! ಇದನ್ನು ನ್ಯಾಯವೆನ್ನುವುದು ಕಷ್ಟ.

ಭಾರತ ಸರಕಾರದ ಫಿಲಂಸ್ ಡಿವಿಜನ್ ೧೯೪೮ರಲ್ಲಿ ಹುಟ್ಟಿ, ಚಿತ್ರಮಂದಿರಗಳಲ್ಲಿ ಸಾಕ್ಷ್ಯಚಿತ್ರಗಳು ವಾಡಿಕೆಯಾಗುವ ಹೊತ್ತಿಗೆ ಆ ಕಾಯಿದೆಗೆ ಎಪ್ಪತ್ತು ವರ್ಷ ತುಂಬಿತ್ತು. ಕುಮರಿಯ ಹಳೆಯ ಕಥೆ ನಮಗೆ ಬಹುಮಟ್ಟಿಗೆ ದೊರೆಯುವುದು ಅದನ್ನು ತಡೆದವರ ವರದಿಗಳಲ್ಲಿ.

ಕುಮರಿಯವನಿಗೆ ಬೇಕಾಗಿದ್ದುದು ಮರವಲ್ಲ, ಬೂದಿ. ಬೂದಿಯ ಗುಣ ಪಟ್ಟಣದ ಗೃಹಿಣಿಗೂ ಹೊಸತಲ್ಲ. ಬದನೆಗೆ ಹುಳ ಬಿದ್ದರೆ ಒಲೆಯ ಬೂದಿ ಚೆಲ್ಲುವುದು ಹಳೆಯ ರೂಢಿ. ಈಗ ಗ್ಯಾಸಿನ ಒಲೆ, ಬೂದಿ ಎಲ್ಲಿಂದ ಬರಬೇಕು? ಹಾಗೆಂದು ಅಂಗಳದ ತರಗೆಲೆಗೆ ಕಡ್ಡಿ ಗೀರಬೇಕಾಗಿಲ್ಲ. ಸುಟ್ಟರೆ ಪೊಟ್ಯಾಶು, ಸುಣ್ಣ ಉಳಿದಾವು. ಸಾರಜನಕ ಮಾತ್ರ ಹೊಗೆಯೊಡನೆ ಹೊರಟುಹೋಗುತ್ತದೆ. ಕೊಳೆಸಿದರೆ ಅದರ ಬಹುಪಾಲು ಮಣ್ಣಿಗೇ ಸೇರುತ್ತದೆ.

ಪಟ್ಟಣದ ಕಸವನ್ನು ಕೊಳೆಸುವ ಸುಲಭ ಕ್ರಮವೊಂದನ್ನು ಡಾ. ಸಿ. ಎನ್. ಆಚಾರ್ಯರು ೧೯೩೯ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ರೂಪಿಸಿದರು. ಗುಂಡಿಯಲ್ಲಿ ಪದರ ಪದರವಾಗಿ ತುಂಬಿ ಮೇಲೆ ಮಣ್ಣು ಮುಚ್ಚುವ ಈ ಕ್ರಮಕ್ಕೆ ಬೆಂಗಳೂರು ಪದ್ಧತಿಯೆಂದೇ ಹೆಸರು. ಟಿಳಕವಾಡಿಯ ಮನೆಯಲ್ಲಿ ಗುಂಡಿಗೆ ಜಾಗವಿಲ್ಲದಿದ್ದರೆ ಖಾನಾಪುರದ ದೊಡ್ಡದೊಂದು ಮಣ್ಣಿನ ಗಡಿಗೆಗೆ ನಾಲ್ಕು ತೂತು ಹಾಕಿಸಿ, ತರಗೆಲೆ ಒಂದು ಪದರ, ಕಾಯಿಪಲ್ಲೆಯ ಸಿಪ್ಪೆ ಒಂದು ಪದರ, ನಡುವೆ ಹಿಡಿ ಮಣ್ಣು ಹಾಕುತ್ತ ಹೋಗಬಹುದು. ಮಳೆನೀರು ನಿಲ್ಲದಂತೆ ಮೇಲೊಂದು ಮುಚ್ಚಳವಿರಲಿ.