ಭಾರತದಲ್ಲಿ ಅಳತೆಮಾನಗಳ ಶಾಸನಬದ್ಧ ವ್ಯಾಖ್ಯೆ

ಸೇರು, ಗಜ, ಮೀಟರ್, ಕಿಲೋಗ್ರಾಂ ಮುಂತಾದ ಮಾನಗಳು ಎಷ್ಟು ಎಂಬುದನ್ನು ಕಾನೂನಿನ ಮೂಲಕ ಗೊತ್ತುಪಡಿಸುವುದಕ್ಕೆ ಅಳತೆಮಾನಗಳ ಶಾಸನಬದ್ಧ ವ್ಯಾಖ್ಯೆ ಎನ್ನುತ್ತಾರೆ. ಭಾರತದಲ್ಲಿ ಇದರ ಆಧುನಿಕ ಇತಿಹಾಸ 1833ರ ಬಂಗಾಳ ನಿಬಂಧನೆಯಿಂದ ಆರಂಭವಾಗಿ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯವರೆಗೆ ಸಾಗುತ್ತದೆ. ವ್ಯಾಖ್ಯೆಯ ಆಧಾರ ಈ ಅವಧಿಯಲ್ಲಿ ಎರಡು ಬಾರಿ ಬದಲಾಯಿತು. ಮೊದಲು ಚಲಾವಣೆಯ ನಾಣ್ಯ, ಆಮೇಲೆ ಸರ್ಕಾರದ ವಶದಲ್ಲಿಟ್ಟ ಲೋಹದ ಮಾದರಿ, ಕೊನೆಗೆ ಪ್ರಕೃತಿಯ ಸ್ಥಿರಾಂಕಗಳು ಆಧಾರವಾದವು.

ಪೂರ್ವೇತಿಹಾಸ

ಹರಪ್ಪ ನಾಗರಿಕತೆಯ ನೆಲೆಗಳಲ್ಲಿ ದೊರೆತ ಘನಾಕಾರದ ಚರ್ಟ್ ಕಲ್ಲುಗಳು ಒಂದು ನಿಶ್ಚಿತ ತೂಕದ ಕ್ರಮವನ್ನು ಅನುಸರಿಸುತ್ತವೆ. ಬರವಣಿಗೆಯಲ್ಲಿ ಉಳಿದ ನಿಯಮಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಮುಖ್ಯ ಆಕರ. ತೂಕ ಮತ್ತು ಅಳತೆಗಳಿಗೆಂದೇ ಪೌತವಾಧ್ಯಕ್ಷನೆಂಬ ಅಧಿಕಾರಿಯನ್ನು ಅದು ಹೇಳುತ್ತದೆ. ತೂಕದ ಬಟ್ಟುಗಳು ಕಬ್ಬಿಣದವಾಗಿರಬೇಕು, ಇಲ್ಲವೇ ಮಗಧ ಮತ್ತು ಮೇಕಲದ ಕಲ್ಲಿನವಾಗಿರಬೇಕು. ನಾಲ್ಕು ತಿಂಗಳಿಗೊಮ್ಮೆ ಅವುಗಳಿಗೆ ಮುದ್ರೆ ಬೀಳಬೇಕು. ಮುದ್ರೆಯಿಲ್ಲದ ಬಟ್ಟು ಬಳಸಿದವನಿಗೆ ದಂಡ. ಇಂದು ಅಂಗಡಿಯ ತಕ್ಕಡಿಗೆ ಇಲಾಖೆ ಹಾಕುವ ಮುದ್ರೆಯ ತತ್ತ್ವ ಇಲ್ಲಿಯೇ ಇದೆ.

ಆದರೆ ನಾಡಿಗೆಲ್ಲ ಒಂದೇ ಅಳತೆ ಎಂಬುದು ನಡುಗಾಲದಲ್ಲಿ ಇರಲಿಲ್ಲ. ಕನ್ನಡ ಶಾಸನಗಳು ಭೂದಾನವನ್ನು ಮತ್ತರು, ಕಮ್ಮಗಳಲ್ಲಿ ಹೇಳುವಾಗ ಯಾವ ಗಳೆಯಿಂದ ಅಳೆದದ್ದು ಎಂಬುದನ್ನೂ ಅನೇಕ ಕಡೆ ಸೇರಿಸುತ್ತವೆ. ಗಳೆ ಬದಲಾದರೆ ಮತ್ತರಿನ ವಿಸ್ತಾರವೂ ಬದಲಾಗುತ್ತಿತ್ತು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಖಂಡುಗ, ಕೊಳಗ, ಸೇರುಗಳು ಊರಿಂದ ಊರಿಗೆ ಬೇರೆಯಾಗುವುದನ್ನು ತನ್ನ ಪ್ರವಾಸ ಕಥನದಲ್ಲಿ ಮತ್ತೆ ಮತ್ತೆ ದಾಖಲಿಸಿದ್ದಾನೆ. ಮೈಸೂರಿನ ಕಚ್ಚಾ ಸೇರು 24 ರೂಪಾಯಿ ತೂಕದ್ದು. ಬಂಗಾಳದಲ್ಲಿ ಮುಂದೆ ಶಾಸನಬದ್ಧವಾದ ಸೇರು 80 ರೂಪಾಯಿ ತೂಕದ್ದು. ಮಣದ ಸ್ಥಿತಿಯೂ ಹಾಗೆಯೇ: ಮದರಾಸಿನಲ್ಲಿ 25 ಪೌಂಡ್, ಮುಂಬಯಿಯಲ್ಲಿ 28 ಪೌಂಡ್, ಬಂಗಾಳದಲ್ಲಿ 82 ಪೌಂಡ್‌ಗಿಂತ ತುಸು ಹೆಚ್ಚು.

ನಾಣ್ಯವೇ ಬಟ್ಟು: 1833

ಈಸ್ಟ್ ಇಂಡಿಯಾ ಕಂಪನಿಯ 1833ರ ಏಳನೆಯ ನಿಬಂಧನೆ ಬಂಗಾಳ ಪ್ರಾಂತ್ಯದ ಬೆಳ್ಳಿ ರೂಪಾಯಿಯ ತೂಕವನ್ನು 180 ಗ್ರೇನ್ ಎಂದು ಗೊತ್ತುಮಾಡಿ, ಅದನ್ನೇ ತೊಲವೆಂದು ಕರೆಯಿತು. 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ. ಈಗಿನ ಲೆಕ್ಕದಲ್ಲಿ ತೊಲ 11.6638 ಗ್ರಾಂ, ಸೇರು ಸುಮಾರು 933 ಗ್ರಾಂ, ಮಣ 37.32 ಕಿಲೋಗ್ರಾಂ. ಪರೀಕ್ಷಿಸಲು ಪ್ರಯೋಗಾಲಯ ಬೇಕಿರಲಿಲ್ಲ. ಸವೆಯದ ಹೊಸ ರೂಪಾಯಿಗಳಿದ್ದರೆ ಯಾವ ವರ್ತಕನಾದರೂ ತನ್ನ ಬಟ್ಟನ್ನು ತೂಗಿ ನೋಡಬಹುದಿತ್ತು. ರೈಲು ಇಲಾಖೆಯೂ ಮುಂದೆ ಇದೇ ಮಣವನ್ನು ಬಳಸಿದ್ದರಿಂದ ಅದು ಪ್ರಾಂತ್ಯದ ಗಡಿ ದಾಟಿ ಹರಡಿತು.

ಜಾರಿಯಾಗದ ಕಿಲೋಗ್ರಾಂ: 1871

ಭಾರತದ ಕಾನೂನಿಗೆ ಮೆಟ್ರಿಕ್ ಮಾನ ಸ್ವಾತಂತ್ರ್ಯಾನಂತರ ಬಂತೆಂಬ ಗ್ರಹಿಕೆ ಸಾಮಾನ್ಯ. ವಾಸ್ತವದಲ್ಲಿ ಅದು ವೈಸರಾಯ್ ಲಾರ್ಡ್ ಮೇಯೊ ಕಾಲದಲ್ಲೇ ಬಂದಿತ್ತು. ಕರ್ನಲ್ ರಿಚರ್ಡ್ ಸ್ಟ್ರೇಚಿಯ ನೇತೃತ್ವದ ಸಮಿತಿಯ ಶಿಫಾರಸಿನ ಮೇಲೆ ರೂಪುಗೊಂಡ 1871ರ 31ನೆಯ ಕಾಯಿದೆ, ಸೇರು ಎಂಬ ಹಳೆಯ ಹೆಸರನ್ನೇ ಉಳಿಸಿಕೊಂಡು ಅದರ ಒಳಗೆ ಕಿಲೋಗ್ರಾಂ ಅನ್ನು ಕೂರಿಸಿತು: ಫ್ರಾನ್ಸಿನ ದಫ್ತರದಲ್ಲಿರುವ ಕಿಲೋಗ್ರಾಂಗೆ ನಿರ್ವಾತದಲ್ಲಿ ಸಮತೂಗುವ, ಭಾರತ ಸರ್ಕಾರದ ವಶದಲ್ಲಿರುವ ಲೋಹದ ತೂಕವೇ ಸೇರು. ದ್ರವದ ಮಾನವನ್ನೂ ಅಂಥ ಒಂದು ಸೇರು ನೀರು ಹಿಡಿಯುವ ಪಾತ್ರೆಯೆಂದು ವ್ಯಾಖ್ಯಾನಿಸಿತು.

ವ್ಯಾಖ್ಯೆ ಅಚ್ಚುಕಟ್ಟಾಗಿತ್ತು, ಆದರೆ ಕಾಯಿದೆ ಬಳಕೆಗೆ ಬರಲಿಲ್ಲ. 1872ರ ಫೆಬ್ರವರಿ 8ರಂದು ಪೋರ್ಟ್ ಬ್ಲೇರ್‌ನಲ್ಲಿ ಮೇಯೊ ಕೊಲೆಯಾದ ಮೇಲೆ ಅದನ್ನು ಮುಂದಕ್ಕೆ ಒಯ್ಯುವ ಉತ್ಸಾಹ ಸರ್ಕಾರದಲ್ಲಿ ಉಳಿಯಲಿಲ್ಲ. ಹೊಸ ಬಟ್ಟುಗಳನ್ನು ಎರಕ ಹೊಯ್ದು ಜಿಲ್ಲೆ ಜಿಲ್ಲೆಗೆ ತಲುಪಿಸಿ ತಪಾಸಣೆ ಮಾಡುವ ವ್ಯವಸ್ಥೆಯೂ ಇರಲಿಲ್ಲ.

ಗಜ ಮತ್ತು ತೊಲ: 1889, 1939

1889ರ ಉದ್ದದ ಅಳತೆಗಳ ಕಾಯಿದೆ ಬ್ರಿಟನ್ನಿನ ಇಂಪೀರಿಯಲ್ ಗಜವನ್ನು ಭಾರತದ ಉದ್ದದ ಮಾನವಾಗಿ ಸ್ವೀಕರಿಸಿ, ಅಡಿ ಮತ್ತು ಅಂಗುಲಗಳನ್ನು ಅದರ ಭಾಗಗಳಾಗಿ ಹೇಳಿತು. ತೂಕದ ಪ್ರಶ್ನೆಯನ್ನು 1913–14ರಲ್ಲಿ ಸಿಲ್ಬೆರಾಡ್ ಅಧ್ಯಕ್ಷತೆಯ ಸಮಿತಿ ಮತ್ತೆ ಪರಿಶೀಲಿಸಿತು. ಫಲ ಕಂಡದ್ದು 1939ರ ತೂಕದ ಮಾನಕಗಳ ಕಾಯಿದೆಯಲ್ಲಿ. 180 ಗ್ರೇನಿನ ತೊಲ, 80 ತೊಲದ ಸೇರು, 40 ಸೇರಿನ ಮಣ ಈಗ ಬ್ರಿಟಿಷ್ ಇಂಡಿಯಾದ ಮಾನಗಳಾದವು. ಆಧಾರ ಮಾತ್ರ ರೂಪಾಯಿಯಿಂದ ಮುಂಬಯಿ ಟಂಕಸಾಲೆಯ ಅಧಿಕಾರಿಯ ವಶದಲ್ಲಿದ್ದ ಇರಿಡಿಯಂ-ಪ್ಲಾಟಿನಂ ಸಿಲಿಂಡರ್‌ಗೆ ಸರಿಯಿತು. ಕಾಯಿದೆ ತೂಕಕ್ಕಷ್ಟೇ ಸೀಮಿತವಾಗಿದ್ದಕ್ಕೆ ಕಾರಣ 1935ರ ಭಾರತ ಸರ್ಕಾರ ಕಾಯಿದೆ: ಕೇಂದ್ರದ ಅಧಿಕಾರದ ಪಟ್ಟಿಯಲ್ಲಿದ್ದದ್ದು ತೂಕದ ಮಾನಕ ನಿಗದಿ ಮಾತ್ರ. ಸಂವಿಧಾನ ಈ ಕೊರತೆಯನ್ನು ತುಂಬಿತು. ಕೇಂದ್ರ ಪಟ್ಟಿಯ 50ನೆಯ ನಮೂದು ತೂಕ ಮತ್ತು ಅಳತೆ ಎರಡರ ಮಾನಕಗಳನ್ನೂ ಸಂಸತ್ತಿಗೆ ಒಪ್ಪಿಸುತ್ತದೆ.

ಮೆಟ್ರಿಕ್ ಪದ್ಧತಿ: 1956

ದಶಮಾನ ಪದ್ಧತಿಗಾಗಿ ಫಣೀಂದ್ರನಾಥ ಸೇಠ್ 1920ರ ದಶಕದ ಕೊನೆಯಿಂದಲೇ ಪ್ರಚಾರ ನಡೆಸಿದ್ದರು. 1947ರಲ್ಲಿ ಸ್ಥಾಪನೆಯಾದ ಭಾರತೀಯ ಮಾನಕ ಸಂಸ್ಥೆಯ ನಿರ್ದೇಶಕ ಲಾಲ್ ಚಂದ್ ವರ್ಮನ್ ಅದಕ್ಕೆ ಸಾಂಸ್ಥಿಕ ಬಲ ತಂದರು. ಮೊದಲು ಬದಲಾದದ್ದು ನಾಣ್ಯ: 1955ರ ತಿದ್ದುಪಡಿಯಂತೆ 1957ರ ಏಪ್ರಿಲ್ 1ರಿಂದ ರೂಪಾಯಿಗೆ 16 ಆಣೆಯ ಬದಲು 100 ನಯಾಪೈಸೆ. 1956ರ ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯಿದೆ ಅಂಗೀಕಾರವಾಗಿ, 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಜಾರಿಗೆ ಬಂತು. ಮೀಟರ್ ಮತ್ತು ಕಿಲೋಗ್ರಾಂ ಮೂಲಮಾನಗಳಾದವು. ಹಳೆಯ ಮಾನಗಳಿಗೆ ಪರಿವರ್ತನೆಯ ಅಂಕಿಗಳನ್ನು ಅನುಸೂಚಿಯಲ್ಲಿ ಕೊಡಲಾಯಿತು. 1957ರಲ್ಲಿ ಭಾರತ ಅಂತರರಾಷ್ಟ್ರೀಯ ಮೀಟರ್ ಒಪ್ಪಂದವನ್ನು ಸೇರಿತು. ಕೆಲವು ವರ್ಷ ಹಳತು ಹೊಸತು ಎರಡೂ ಒಟ್ಟಿಗೆ ನಡೆದು, 1962ರ ಏಪ್ರಿಲ್‌ನಿಂದ ಹಳೆಯ ತೂಕಗಳ ಬಳಕೆ ನಿಷಿದ್ಧವಾಯಿತು.

ಈ ಬಾರಿ ವ್ಯಾಖ್ಯೆಯ ಹಿಂದೆ ವ್ಯವಸ್ಥೆಯಿತ್ತು. 1950ರಲ್ಲಿ ಉದ್ಘಾಟನೆಯಾದ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ರಾಷ್ಟ್ರೀಯ ಮಾನಕಗಳ ಪಾಲಕನಾಯಿತು. ದೇಶದ ಕಿಲೋಗ್ರಾಂ, ಅಂತರರಾಷ್ಟ್ರೀಯ ಮಾದರಿಯ 57ನೆಯ ಪ್ರತಿ, ಅಲ್ಲಿದೆ. ಅದರಿಂದ ಉಲ್ಲೇಖ ಮಾನಕ, ದ್ವಿತೀಯಕ ಮಾನಕ, ಕಾರ್ಯನಿರತ ಮಾನಕ ಎಂದು ಇಳಿಯುತ್ತ ನಿರೀಕ್ಷಕನ ಪೆಟ್ಟಿಗೆಯ ಬಟ್ಟಿನವರೆಗೆ ಒಂದು ಸರಪಳಿ ಇದೆ. ಪ್ರಾದೇಶಿಕ ಉಲ್ಲೇಖ ಮಾನಕ ಪ್ರಯೋಗಾಲಯಗಳಲ್ಲಿ ಒಂದು ಬೆಂಗಳೂರಿನಲ್ಲಿದೆ.

ಕಾಯಿದೆಯಿಂದ ನಿಯಮಕ್ಕೆ: 1976, 2009

ತೂಕ ಮತ್ತು ಅಳತೆಗಳ ಜಾರಿ ರಾಜ್ಯಗಳ ಪಟ್ಟಿಯಲ್ಲಿತ್ತು. 42ನೆಯ ಸಂವಿಧಾನ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ತಂದಿತು. ಇದೇ 1976ರಲ್ಲಿ ಬಂದ ಹೊಸ ಕಾಯಿದೆ ಅಂತರರಾಷ್ಟ್ರೀಯ ಮಾನ ಪದ್ಧತಿಯನ್ನು ಪೂರ್ಣವಾಗಿ ಒಪ್ಪಿಕೊಂಡು, ವೈಜ್ಞಾನಿಕ ವ್ಯಾಖ್ಯೆಗಳನ್ನು ಕಲಮುಗಳೊಳಗೇ ಬರೆಯಿತು. ಮೀಟರ್ ಎಂದರೆ ಕ್ರಿಪ್ಟಾನ್-86 ಪರಮಾಣುವಿನ ನಿರ್ದಿಷ್ಟ ವಿಕಿರಣದ 16,50,763.73 ತರಂಗಾಂತರಗಳು ಎಂಬುದು ಭಾರತದ ಶಾಸನದ ಪಠ್ಯವಾಯಿತು. ಏಳು ವರ್ಷಗಳಲ್ಲೇ ಅದು ಹಳತಾಯಿತು: 1983ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆ ಮೀಟರನ್ನು, ಬೆಳಕು ನಿರ್ವಾತದಲ್ಲಿ ಒಂದು ಸೆಕೆಂಡಿನ 29,97,92,458ನೆಯ ಒಂದು ಭಾಗದಲ್ಲಿ ಕ್ರಮಿಸುವ ದೂರವೆಂದು ಬದಲಿಸಿತು.

2011ರ ಏಪ್ರಿಲ್ 1ರಂದು ಜಾರಿಗೆ ಬಂದ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ಈ ತೊಡಕಿಗೆ ಪರಿಹಾರ ಕಂಡುಕೊಂಡಿತು. ಮೀಟರ್, ಕಿಲೋಗ್ರಾಂ, ಸೆಕೆಂಡ್, ಆಂಪಿಯರ್, ಕೆಲ್ವಿನ್, ಕ್ಯಾಂಡೆಲಾ, ಮೋಲ್ ಎಂಬ ಏಳು ಮೂಲಮಾನಗಳ ಹೆಸರನ್ನಷ್ಟೇ ಕಾಯಿದೆ ಹೇಳುತ್ತದೆ. ಅವುಗಳ ವಿವರ ನಿಯಮಗಳಿಗೆ ಬಿಟ್ಟದ್ದು. ವಿಜ್ಞಾನ ಮುಂದುವರಿದಂತೆ ಸಂಸತ್ತಿನ ತಿದ್ದುಪಡಿಗೆ ಕಾಯಬೇಕಿಲ್ಲ. ಎಣಿಕೆಗೆ ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪವೇ ಆಧಾರ ಎಂಬ ಕಲಮೂ ಇದರಲ್ಲಿದೆ.

ಈ ಏರ್ಪಾಡಿನ ಅಗತ್ಯ ಬೇಗನೆ ತಿಳಿಯಿತು. 2018ರ ನವೆಂಬರ್ 16ರಂದು ವರ್ಸೇಲ್ಸ್‌ನಲ್ಲಿ ಸೇರಿದ ಮಹಾಸಭೆ ಕಿಲೋಗ್ರಾಂ ಅನ್ನು ಲೋಹದ ಮಾದರಿಯಿಂದ ಬಿಡಿಸಿ, ಪ್ಲಾಂಕ್ ಸ್ಥಿರಾಂಕಕ್ಕೆ ಜೋಡಿಸಿತು. ಅದು 2019ರ ಮೇ 20ರಿಂದ ಜಾರಿಯಲ್ಲಿದೆ. ದೆಹಲಿಯ 57ನೆಯ ಪ್ರತಿಯೂ, ಪ್ಯಾರಿಸ್ ಬಳಿಯ ಮೂಲವೂ ಈಗ ಅಳೆಯಬೇಕಾದ ವಸ್ತುಗಳೇ ಹೊರತು ವ್ಯಾಖ್ಯೆಯಲ್ಲ.

ಇಂದಿನ ಬಳಕೆ

ಮಾನಕವಲ್ಲದ ಅಳತೆಯಲ್ಲಿ ಬೆಲೆ ನಮೂದಿಸುವುದನ್ನು 2009ರ ಕಾಯಿದೆಯ 11ನೆಯ ಕಲಮು ನಿಷೇಧಿಸುತ್ತದೆ. ದಿನಸಿ, ಹಾಲು, ಬಟ್ಟೆ, ಪೆಟ್ರೋಲಿನ ವ್ಯಾಪಾರದಲ್ಲಿ ಮೆಟ್ರಿಕ್ ಮಾನಗಳು ಪೂರ್ತಿ ನೆಲೆಯೂರಿವೆ. ಚಿನ್ನದ ಮಾತುಕತೆಯಲ್ಲಿ ತೊಲ, ನಿವೇಶನದ ಮಾತುಕತೆಯಲ್ಲಿ ಚದರಡಿ ಉಳಿದಿವೆ. ಸರ್ಕಾರದ ದಾಖಲೆಯೇ ಹಳೆಯ ಮಾನದಲ್ಲಿರುವ ಕಡೆ ಕಾನೂನಿನ ವ್ಯಾಖ್ಯೆ ಬಳಕೆಯನ್ನು ಬದಲಿಸಲಾರದು ಎಂಬುದಕ್ಕೆ ಭೂಮಿ ಸ್ಪಷ್ಟ ಉದಾಹರಣೆ. ಕರ್ನಾಟಕದ ಪಹಣಿಗಳಲ್ಲಿ ಜಮೀನಿನ ವಿಸ್ತೀರ್ಣ ಇಂದಿಗೂ ಎಕರೆ ಮತ್ತು ಗುಂಟೆಗಳಲ್ಲಿದೆ. 40 ಗುಂಟೆಗೆ ಒಂದು ಎಕರೆ, ಒಂದು ಗುಂಟೆಗೆ ಸುಮಾರು 101 ಚದರ ಮೀಟರ್.