ತೆಂಗಿನ ಬುಡದ ಬಂಡೆ

ತಿಪಟೂರಿನ ಕಡೆ ತೋಟದಲ್ಲಿ ಬೋರು ಕೊರೆಯುವ ರಾತ್ರಿ ಮನೆಯವರು ಯಾರೂ ಮಲಗುವುದಿಲ್ಲ. ಲಾರಿಯ ಸದ್ದು ಕೇಳಿ ಅಕ್ಕಪಕ್ಕದ ತೋಟದವರೂ ಬಂದು ನಿಲ್ಲುತ್ತಾರೆ. ಮೊದಲು ಕೆಂಪು ಮಣ್ಣು ಹಾರುತ್ತದೆ, ಆಮೇಲೆ ಗೊರಚು. ಗಟ್ಟಿ ಬಂಡೆ ಸಿಕ್ಕಿದಲ್ಲಿಗೆ ಕೇಸಿಂಗ್ ಪೈಪು ನಿಲ್ಲುತ್ತದೆ. ಅಲ್ಲಿಂದ ಮುಂದೆ ಬರೀ ಕಲ್ಲಿನ ಪುಡಿ: ಬೂದು, ಕಪ್ಪು, ನಡುನಡುವೆ ಬೆಣಚುಕಲ್ಲಿನ ಬಿಳಿ. ಪುಡಿ ತೇವವಾಯಿತೇ ಎಂದು ಯಜಮಾನರು ಮತ್ತೆ ಮತ್ತೆ ಬೊಗಸೆಯಲ್ಲಿ ಹಿಡಿದು ನೋಡುತ್ತಾರೆ. ಎರಡಿಂಚು ನೀರು ಬಿದ್ದರೆ ಹಬ್ಬ. ಬೀಳದಿದ್ದರೆ ಎರಡು ವರ್ಷದ ಕೊಬ್ಬರಿ ದುಡ್ಡು ಒಂದೇ ರಾತ್ರಿಯಲ್ಲಿ ಹೋಯಿತು. ಬೆಳಗಾದಾಗ ತೋಟದ ಮೂಲೆಯಲ್ಲಿ ಪುಡಿಯ ಗುಡ್ಡೆ ಉಳಿದಿರುತ್ತದೆ. ಮೊದಲ ಮಳೆಗೆ ಅದೂ ಕೊಚ್ಚಿಹೋಗುತ್ತದೆ.

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುವ ಹುಡುಗ ಹುಡುಗಿಯರಿಗೆ ಆ ಗುಡ್ಡೆಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಆದರೆ ಅದನ್ನು ಆರಿಸಿಡುವವರು ಯಾರೂ ಅಲ್ಲಿ ಇರುವುದಿಲ್ಲ. ನಮ್ಮ ನಾಡಿನಲ್ಲಿ ಭೂವಿಜ್ಞಾನದ ಉನ್ನತ ವ್ಯಾಸಂಗ ಚಿನ್ನ ಹುಡುಕುತ್ತ ಹುಟ್ಟಿತು, ಬಂಡೆಯ ವಯಸ್ಸು ಕೇಳುತ್ತ ಬೆಳೆಯಿತು, ನೀರಿನ ಕಡೆಗೆ ಮಾತ್ರ ತಡವಾಗಿ ತಿರುಗಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ನಿಂತು ನೋಡಿದರೆ ಈ ಮೂರು ಘಟ್ಟಗಳೂ ಕಣ್ಣಿಗೆ ಬೀಳುತ್ತವೆ.

ಮೊದಲು ಬಂದವರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಇವರು 1880ರ ದಶಕದಲ್ಲಿ ಮೈಸೂರಿನ ಚಿನ್ನದ ಸೀಮೆಗಳನ್ನು ಸುತ್ತಿದರು. ನೈಸ್ ಬಂಡೆಯ ಬಯಲಿನ ನಡುವೆ ಉದ್ದುದ್ದ ಪಟ್ಟಿಗಳಾಗಿ ಹಬ್ಬಿದ ಪದರುಕಲ್ಲುಗಳಿಗೆ ಧಾರವಾಡದ ಹೆಸರಿಟ್ಟವರು ಇವರೇ. ಆ ಪಟ್ಟಿಗಳಲ್ಲಿ ಒಂದು ಗದಗದ ಕಡೆಯಿಂದ ಚಿತ್ರದುರ್ಗದ ಮೇಲೆ ಹಾದು ಶ್ರೀರಂಗಪಟ್ಟಣದವರೆಗೆ ಸುಮಾರು 450 ಕಿಲೋಮೀಟರ್ ಉದ್ದಕ್ಕೆ ಇದೆ. ಚಿಕ್ಕನಾಯಕನಹಳ್ಳಿಯ ಗುಡ್ಡಸಾಲು ಅದರದೇ ಭಾಗ. ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲು ಎಲ್ಲ ಅಲ್ಲೇ. ಊರಿನ ಬಳಿಯ ಹೊನ್ನೇಬಾಗಿಯ ಹೆಸರಿನಲ್ಲೇ ಹೊನ್ನಿದೆ. ತಾಲ್ಲೂಕಿನ ಬೆಳ್ಳಾರದಲ್ಲಿ ಚಿನ್ನದ ಗಣಿಯೇ ಇತ್ತು. ಗುಡ್ಡ ಇಳಿದು ತಿಪಟೂರಿನ ಕಡೆ ಬಂದರೆ ನೈಸಿನ ಬಯಲು, ಅದರ ಮೇಲೆ ತೆಳು ಕೆಂಪು ಮಣ್ಣು, ಮಣ್ಣಿನ ತುಂಬ ತೆಂಗು.

1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ಕಟ್ಟಿ ಅದನ್ನು ಫೂಟ್ ಅವರ ಕೈಗೆ ಕೊಟ್ಟಿತು. ಕೋಲಾರದ ಚಿನ್ನ ಕಂಡಿದ್ದ ಸಂಸ್ಥಾನಕ್ಕೆ ಇನ್ನೊಂದು ಕೋಲಾರ ಬೇಕಿತ್ತು. ಆಗ ಈ ಶಾಸ್ತ್ರ ಕಲಿತದ್ದೆಲ್ಲ ಕೆಲಸದ ಮೇಲೇ. ಸುತ್ತಿಗೆ, ದಿಕ್ಸೂಚಿ, ನಕ್ಷೆ ಹಿಡಿದು ತಿಂಗಳುಗಟ್ಟಲೆ ಗುಡಾರದಲ್ಲಿದ್ದು ಬಂಡೆಯಿಂದ ಬಂಡೆಗೆ ನಡೆಯುವುದೇ ವ್ಯಾಸಂಗ. ಫೂಟರ ನಂತರದ ಸ್ಮೀತ್ ಅವರ ಕಾಲದಲ್ಲಿ ಜಯರಾಂ, ಸಂಪತ್ ಅಯ್ಯಂಗಾರ್ ಮೊದಲಾದ ನಮ್ಮವರು ಹಳ್ಳಿಹಳ್ಳಿಯ ಕಲ್ಲನ್ನು ನಕ್ಷೆಗೆ ಇಳಿಸಿದರು. ಇಂದು ಯಾವುದೇ ಪಿಎಚ್.ಡಿ. ಪ್ರಬಂಧ ತೆರೆದರೂ ಮೊದಲ ಅಧ್ಯಾಯ ಅವರ ನಡಿಗೆಯ ಮೇಲೇ ನಿಂತಿರುತ್ತದೆ.

ಫೂಟರಿಗೆ ಇನ್ನೊಂದು ಕಣ್ಣೂ ಇತ್ತು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಕೊಡಲಿಯನ್ನು ಹೆಕ್ಕಿದವರು ಅವರು. ನಮ್ಮ ಕಿಬ್ಬನಹಳ್ಳಿಯೂ ಅಂಥದೇ ಹಳೆಯ ಶಿಲಾಯುಗದ ನೆಲೆ. ಮೈಸೂರು ವಿಶ್ವವಿದ್ಯಾಲಯದ ಎಂ. ಶೇಷಾದ್ರಿ 1950ರ ದಶಕದಲ್ಲಿ ಅಲ್ಲಿನ ಕಲ್ಲಿನ ಆಯುಧಗಳ ಮೇಲೆ ಬರೆದರು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಕಾಯುವ ಎಷ್ಟು ವಿದ್ಯಾರ್ಥಿಗಳಿಗೆ ಇದನ್ನು ಯಾರಾದರೂ ಹೇಳಿದ್ದಾರೆ? ನೆಲದ ಓದಿಗೆ ಪ್ರೀತಿ ಹುಟ್ಟುವುದು ಇಂಥ ಕಡೆಯಲ್ಲೇ.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭವಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ವಿಜ್ಞಾನದ ಮನೆಯಾಯಿತು. ಭೂವಿಜ್ಞಾನ ಗುಡಾರದಿಂದ ತರಗತಿಗೆ ಬಂದದ್ದು ಅಲ್ಲಿ. ಪ್ರೊ. ಎಲ್. ರಾಮರಾವ್ ಅಲ್ಲಿ ಕಲಿಸಿದರು. ಅವರ ಒಲವು ಪಳೆಯುಳಿಕೆಗಳ ಕಡೆಗಿತ್ತು. ಬಿ. ರಾಮರಾವ್ ಇಲಾಖೆಯಲ್ಲಿದ್ದರು. ಸಿ.ಎಸ್. ಪಿಚ್ಚಮುತ್ತು ಎರಡೂ ಕಡೆ ದುಡಿದರು. ಆ ಪೀಳಿಗೆಗೆ ಬಿಡಿಸಲು ಒಂದು ದೊಡ್ಡ ಗಂಟು ಸಿಕ್ಕಿತ್ತು. ಧಾರವಾಡ ಶಿಲೆಗಳೆಲ್ಲ ಬೆಂಕಿಯಿಂದ, ಅಂದರೆ ಕರಗಿದ ಶಿಲಾರಸದಿಂದ ಆದವು ಎಂದು ಸ್ಮೀತ್ ಹಿಡಿದಿದ್ದರು. ಫೂಟರು ಅವುಗಳಲ್ಲಿ ನೀರಿನಡಿ ಕೂತ ಮರಳನ್ನೂ ಉರುಟುಗಲ್ಲನ್ನೂ ಕಂಡಿದ್ದರು. ಮೇಲಧಿಕಾರಿಯ ಮಾತನ್ನು ಒಪ್ಪಿಕೊಂಡು ಸುಮ್ಮನಿರುವುದು ಸುಲಭವಿತ್ತು. ನಮ್ಮವರು ಮತ್ತೆ ಅದೇ ಗುಡ್ಡಗಳನ್ನು ಹತ್ತಿದರು, ಮರಳಿನ ಅಲೆಗುರುತನ್ನೂ ಓರೆಪದರವನ್ನೂ ಹುಡುಕಿ ಬರೆದರು. ಕೊನೆಗೆ ನಿಂತದ್ದು ಬಂಡೆಯ ಸಾಕ್ಷಿ. ಕರ್ನಾಟಕದಲ್ಲಿ ಭೂವಿಜ್ಞಾನದ ಸಂಶೋಧನೆ ಸ್ವಂತ ಕಾಲ ಮೇಲೆ ನಿಂತದ್ದು ಈ ವಾದದಲ್ಲೇ ಎಂದು ನನ್ನ ನಂಬಿಕೆ.

ಅದೇ ಪಿಚ್ಚಮುತ್ತು ಕನಕಪುರ ಕಡೆಯ ಕಬ್ಬಾಳದುರ್ಗದಲ್ಲಿ ಬೂದು ನೈಸ್ ಬಂಡೆ ಹಸಿರುಗಪ್ಪು ಚಾರ್ನೊಕೈಟ್ ಆಗಿ ಬದಲಾಗುವುದನ್ನು ಒಂದೇ ಕಲ್ಲುಗಣಿಯಲ್ಲಿ ಕಂಡು, 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಲೋಕದ ಶಿಲಾಶಾಸ್ತ್ರಜ್ಞರು ಆ ಗಣಿಗೆ ಬಂದು ಹೋದರು. 1982ರಲ್ಲಿ ಮೈಸೂರಿನ ಎ.ಎಸ್. ಜನಾರ್ದನ್ ಅಮೆರಿಕದ ನ್ಯೂಟನ್, ಹ್ಯಾನ್ಸನ್ ಜೊತೆ ಸೇರಿ, ಆಳದಿಂದ ಬಂದ ಇಂಗಾಲದ ಡೈಆಕ್ಸೈಡ್ ಈ ಬದಲಾವಣೆಗೆ ಕಾರಣ ಎಂದು ತೋರಿಸಿದರು. ಅಷ್ಟರಲ್ಲಿ ಓದುವ ಜಾಗಗಳೂ ಹೆಚ್ಚಿದ್ದವು: ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರಿನಲ್ಲಿ ಮಾನಸಗಂಗೋತ್ರಿ, 1964ರ ನಂತರ ಬೆಂಗಳೂರು ವಿಶ್ವವಿದ್ಯಾಲಯ.

ನಮ್ಮ ಗುಡ್ಡಸಾಲಿಗೆ ಹೊಸ ಹೆಸರು ಬಂದದ್ದು ಈ ಘಟ್ಟದಲ್ಲಿ. 1981ರಲ್ಲಿ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ಸಂಪಾದಿಸಿದ ಸರ್ವೇಕ್ಷಣೆಯ ಸಂಪುಟ ದಕ್ಷಿಣ ಕರ್ನಾಟಕದ ಶಿಲೆಗಳನ್ನು ಸರಗೂರು, ಬಾಬಾಬುಡನ್, ಚಿತ್ರದುರ್ಗ ಎಂದು ಕ್ರಮವಾಗಿ ಜೋಡಿಸಿತು. ಚಿತ್ರದುರ್ಗ ಗುಂಪಿನೊಳಗಿನ ಒಂದು ಭಾಗಕ್ಕೆ ವಾಣಿವಿಲಾಸ ಎಂದು ಹೆಸರು. 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟೆಯ ಹೆಸರೇ ಅದು. ಚಿಕ್ಕನಾಯಕನಹಳ್ಳಿಯ ಸುಣ್ಣಕಲ್ಲು, ಮ್ಯಾಂಗನೀಸ್ ಈ ಭಾಗಕ್ಕೆ ಸೇರುತ್ತವೆ. ನೆರೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳು ಇವೆ ಎಂದು 1980ರ ದಶಕದಲ್ಲಿ ವರದಿಯಾಯಿತು. ಕತ್ತರಿಸಿದ ಎಲೆಕೋಸಿನ ಹಾಗೆ ಒಂದರ ಮೇಲೊಂದು ಬಾಗಿದ ತೆಳು ಪದರಗಳು. ಆಳವಿಲ್ಲದ ಕಡಲಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಪದರ ಪದರವಾಗಿ ಕಟ್ಟಿದ್ದು, ಇನ್ನೂರೈವತ್ತು ಕೋಟಿ ವರ್ಷಕ್ಕಿಂತ ಹಿಂದೆ. ತೆಂಗಿನ ತೋಟಗಳ ನಾಡಿನಲ್ಲಿ ಒಮ್ಮೆ ಕಡಲಿತ್ತು ಎಂಬುದಕ್ಕೆ ಆ ಕಲ್ಲೇ ಸಾಕ್ಷಿ.

ನೀರಿನ ಮಾತಿಗೆ ಬರೋಣ. ಇಲ್ಲಿ ನೆನೆಯಬೇಕಾದವರು ಬಿ.ಪಿ. ರಾಧಾಕೃಷ್ಣ. 1918ರಲ್ಲಿ ಹುಟ್ಟಿ 2012ರವರೆಗೆ ಬದುಕಿದ ಇವರು ಕ್ಲೋಸ್‌ಪೇಟೆ ಗ್ರಾನೈಟಿನ ಮೇಲೆ ಸಂಶೋಧನೆ ಮಾಡಿದರು. 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಬೆಂಗಳೂರಿನಲ್ಲಿ ಹುಟ್ಟುವುದಕ್ಕೆ ಮುಂದೆ ನಿಂತವರಲ್ಲಿ ಒಬ್ಬರು. ಅದರ ಪತ್ರಿಕೆಯನ್ನು ದಶಕಗಳ ಕಾಲ ಸಂಪಾದಿಸಿದರು. ಸಂಸ್ಥಾನದ ಕಾಲದ ಆ ಹಳೆಯ ಇಲಾಖೆಗೆ ನಿರ್ದೇಶಕರಾಗಿದ್ದಾಗ, ಗಟ್ಟಿ ಬಂಡೆಯ ನಾಡಿನಲ್ಲಿ ಅಂತರ್ಜಲವೂ ಖನಿಜದಷ್ಟೇ ಮುಖ್ಯ ಎಂದು ಹಠ ಹಿಡಿದು ಹೇಳಿದರು. ಕನ್ನಡದಲ್ಲೂ ಬರೆದರು. ಅವರು ತೋರಿದ ದಾರಿಯಲ್ಲಿ ನಮ್ಮ ವಿಶ್ವವಿದ್ಯಾಲಯಗಳು ಬೇಗ ನಡೆದಿದ್ದರೆ ಈ ಸೀಮೆಯ ರೈತನ ಸಾಲ ಇಷ್ಟಾಗುತ್ತಿರಲಿಲ್ಲ.

ಏಕೆ ಎಂದು ತಿಳಿಯಬೇಕಾದರೆ ಪಾಳುಬಿದ್ದ ಒಂದು ತೆರೆದ ಬಾವಿಯ ಒಳಗೋಡೆಯನ್ನು ನೋಡಬೇಕು. ಮೇಲೆ ಒಂದಾಳು ಕೆಂಪು ಮಣ್ಣು. ಅದರ ಕೆಳಗಿನ ಗೊರಚಿನಲ್ಲಿ ನೈಸ್ ಬಂಡೆಯ ಕಪ್ಪು ಬಿಳಿ ಗೆರೆಗಳು ಇನ್ನೂ ಹಾಗೆಯೇ ಇವೆ, ಉಗುರಿನಲ್ಲಿ ಕೆರೆದರೆ ಉದುರುತ್ತದೆ. ಬಂಡೆ ನಿಂತಲ್ಲೇ ಕೊಳೆತು ಸ್ಪಂಜಿನ ಹಾಗಾಗಿದೆ. ಮಳೆನೀರು ನಿಲ್ಲುತ್ತಿದ್ದುದು ಈ ಪದರದಲ್ಲಿ. ಏತ, ಕಪಿಲೆಯವರು ಬಾಳಿದ್ದು ಇದರ ಮೇಲೆ. ಇದರ ಕೆಳಗೆ ಬಿರುಕುಗಳಲ್ಲಿ ಬಿಟ್ಟರೆ ನೀರಿಗೆ ಜಾಗವಿಲ್ಲ, ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಬೋರು ಆ ಬಿರುಕನ್ನು ಮುಟ್ಟಿ ಎಳೆದಾಗ ಮೇಲಿನ ಸ್ಪಂಜೇ ಬತ್ತುತ್ತದೆ. ಪಕ್ಕದ ತೋಟದ ಬೋರಿಗೆ ನಮ್ಮ ಬಾವಿ ಒಣಗಿದ್ದು ಹೀಗೆ. ಬಯಲಿನಲ್ಲಿ ಅಡ್ಡಲಾಗಿ ನುಗ್ಗಿ ನಿಂತ ಕರಿಕಲ್ಲಿನ ಗೋಡೆಗಳು, ಅಂದರೆ ಡೈಕ್‌ಗಳು, ಒಂದು ಬದಿಯಲ್ಲಿ ನೀರು ತಡೆದು ಇನ್ನೊಂದು ಬದಿಯನ್ನು ಬರಿದು ಮಾಡುವುದೂ ಉಂಟು.

ಬೋರಿಗೆ ಪಾಯಿಂಟ್ ಮಾಡುವವರು, ಅಂದರೆ ನೀರಿನ ಜಾಗ ಹೇಳುವವರು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟ ಸುತ್ತುತ್ತಾರೆ. ಕಾಯಿ ಎದ್ದು ನಿಂತಲ್ಲಿ ಕೊರೆಸುತ್ತಾರೆ. ರೈತ ಅವರನ್ನು ನಂಬುವುದು ಅಜ್ಞಾನದಿಂದಲ್ಲ. ಕರೆದಾಗ ಬರುವವರು ಅವರೊಬ್ಬರೇ. ವಿದ್ಯುತ್ ರೋಧ ಅಳೆದು ಬಂಡೆಯ ಆಳ ಹೇಳುವುದನ್ನು ಎಂ.ಎಸ್ಸಿ.ಯಲ್ಲಿ ಕಲಿಸುತ್ತಾರೆ. ಕಲಿತವರು ತೋಟದವರೆಗೆ ಬರುವುದು ಅಪರೂಪ. ಅವರ ಕಣ್ಣು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯ ಮೇಲೆ, ಗೇಟ್ ಮತ್ತು ನೆಟ್ ಮೇಲೆ ಇರುತ್ತದೆ. ಅದು ತಪ್ಪಲ್ಲ, ಹೊಟ್ಟೆಪಾಡು. ಅದಕ್ಕೂ ಹಿಂದಿನ ತೊಡಕೆಂದರೆ, ಪಿಯುಸಿಯಲ್ಲಿ ಭೂಗರ್ಭಶಾಸ್ತ್ರ ಒಂದು ವಿಷಯವಾಗಿದ್ದರೂ ಅದನ್ನು ಕಲಿಸುವ ಕಾಲೇಜುಗಳು ಕೆಲವೇ. ಹಳ್ಳಿಯ ಹುಡುಗರಿಗೆ ಹೀಗೊಂದು ಓದು ಇದೆ ಎಂದು ತಿಳಿಯುವ ಹೊತ್ತಿಗೆ ಬಿ.ಎಸ್ಸಿ. ಮುಗಿದಿರುತ್ತದೆ.

ನೆಲಕ್ಕೆ ಬೇಕಾದ ವಿದ್ಯೆ ತಡವಾಗಿ ಒದಗುವ ಮಾತಿಗೆ ಗಣಿಯ ಕಥೆಯೂ ಹೊರತಲ್ಲ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಆ ಮೇಲೆ ಗಣಿಗಳ ಎಲ್ಲೆ ಅಳೆಯಲು, ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆ ಬರೆಯಲು ಭೂವಿಜ್ಞಾನಿಗಳೇ ಬೇಕಾದರು. ಅದೇ ವರ್ಷ ರಾಜ್ಯದಲ್ಲಿ ಅಂತರ್ಜಲ ನಿಯಂತ್ರಣದ ಕಾಯಿದೆಯೂ ಬಂತು. ಅದಿರು ತೆಗೆಯುವುದಕ್ಕೆ ಕಲಿತ ವಿದ್ಯೆ ಗಾಯ ವಾಸಿ ಮಾಡುವುದಕ್ಕೂ ಬೇಕು ಎಂದು ಪಠ್ಯಕ್ರಮಗಳು ಈಗೀಗ ಒಪ್ಪುತ್ತಿವೆ.

ಒಳ್ಳೆಯ ಮಾದರಿ ಕಣ್ಣೆದುರೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ. ಶೇಖರ್ ಮತ್ತು ಫ್ರೆಂಚ್ ಸಹೋದ್ಯೋಗಿಗಳು ಗುಂಡ್ಲುಪೇಟೆಯ ಬೇರಂಬಾಡಿ ಜಲಾನಯನದಲ್ಲಿ ವರ್ಷಗಟ್ಟಲೆ ರೈತರ ಬೋರುಗಳ ನೀರಿನ ಮಟ್ಟ, ಮಣ್ಣಿನ ತೇವ, ಬೆಳೆ ಎಲ್ಲವನ್ನೂ ಒಟ್ಟಿಗೆ ಅಳೆಯುತ್ತ ಬಂದಿದ್ದಾರೆ. ಅದರಿಂದ ಸಾಲುಸಾಲು ಪಿಎಚ್.ಡಿ.ಗಳು ಬಂದಿವೆ. ಅಂಥ ಒಂದು ಅಳತೆ ತೆಂಗಿಗೂ ಬೇಕು. ತೆಂಗು ವರ್ಷಕ್ಕೊಮ್ಮೆ ಬದಲಿಸಬಹುದಾದ ಬೆಳೆಯಲ್ಲ. ಒಂದು ಬೇಸಿಗೆ ನೀರು ತಪ್ಪಿದರೆ ಹರಳು ಉದುರಿ, ಮುಂದಿನ ವರ್ಷದ ಇಳುವರಿಯೂ ಹೋಗುತ್ತದೆ. ಹೇಮಾವತಿ ನಾಲೆಯ ನೀರು ಕೆರೆಗೆ ಬಂದ ವರ್ಷ ಸುತ್ತಲಿನ ಗೊರಚಿಗೆ ಎಷ್ಟು ಇಳಿಯಿತು, ಎಷ್ಟು ದೂರ ಹೋಯಿತು ಎಂಬುದು ಒಬ್ಬ ವಿದ್ಯಾರ್ಥಿಯ ಎರಡು ವರ್ಷದ ಕೆಲಸಕ್ಕೆ ತಕ್ಕ ಪ್ರಶ್ನೆ.

ಭೂವಿಜ್ಞಾನ ಕಲಿಸುವ ಅಧ್ಯಾಪಕರಲ್ಲಿ ಒಂದು ಬೇಡಿಕೆ. ಮೂರೂ ತಾಲ್ಲೂಕುಗಳ ಪೇಟೆಗಳು 57 ಸಿ ಎಂಬ ಒಂದೇ ಸರ್ವೆ ನಕ್ಷೆಯೊಳಗಿವೆ. ವರ್ಷಕ್ಕೆ ಇಬ್ಬರು ವಿದ್ಯಾರ್ಥಿಗಳನ್ನು ಆ ನಕ್ಷೆ ಹಿಡಿಸಿ ಇತ್ತ ಕಳಿಸಿ. ಅವರ ವರದಿಯ ಕನ್ನಡದ ಎರಡು ಪುಟ ಗ್ರಾಮ ಪಂಚಾಯಿತಿಗೆ ಸಿಗಲಿ. ತೋಟದವರಲ್ಲೂ ಒಂದು ಮಾತು: ಮುಂದಿನ ಸಲ ಬೋರು ಕೊರೆಸುವಾಗ ಹತ್ತು ಅಡಿಗೊಮ್ಮೆ ಒಂದು ಹಿಡಿ ಪುಡಿಯನ್ನು ಕವರಿನಲ್ಲಿ ಕಟ್ಟಿ, ಮೇಲೆ ಅಡಿ ಬರೆದು ಅಟ್ಟದ ಮೂಲೆಯಲ್ಲಿಡಿ. ಕೇಳಿಕೊಂಡು ಬರುವ ಹುಡುಗನಿಗೋ ಹುಡುಗಿಗೋ ಅದನ್ನು ಕೊಡಿ.