ಉಪನಿರ್ದೇಶಕರ ಟಿಪ್ಪಣಿ

ಎರಡನೆಯ ಕುರ್ಚಿಯಲ್ಲಿ ತಮ್ಮವರನ್ನು ಕೂರಿಸುವ ರಾಜಕೀಯ ನಮಗೆ ಹೊಸದಲ್ಲ. ಅಮೆರಿಕದ ಅಧ್ಯಕ್ಷ ನಿಕ್ಸನ್ನರು 1972ರಲ್ಲಿ ಮಾಡಿದ್ದೂ ಅದನ್ನೇ. ಗುಪ್ತಚರ ಸಂಸ್ಥೆ ಸಿ.ಐ.ಎ.ಯ ನಿರ್ದೇಶಕ ಹೆಲ್ಮ್ಸರಲ್ಲಿ ಅವರಿಗೆ ವಿಶ್ವಾಸ ಸಾಲದು. 1958ರ ದಕ್ಷಿಣ ಅಮೆರಿಕ ಪ್ರವಾಸದಲ್ಲಿ ತಮಗೆ ದುಭಾಷಿಯಾಗಿದ್ದ ಸೇನಾಧಿಕಾರಿ ವರ್ನನ್ ವಾಲ್ಟರ್ಸರನ್ನು ಉಪನಿರ್ದೇಶಕರನ್ನಾಗಿ ತಂದರು.

ಜೂನ್ 17ರಂದು ವಾಟರ್‌ಗೇಟ್ ಕಟ್ಟಡದಲ್ಲಿ ವಿರೋಧ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದರು. ಎಫ್.ಬಿ.ಐ. ತನಿಖೆಯನ್ನು ತಡೆಯಿರೆಂದು 23ರಂದು ಶ್ವೇತಭವನ ವಾಲ್ಟರ್ಸರಿಗೆ ಹೇಳಿತು. ಅಂದು ಅವರು ಹೇಳಿದಂತೆ ನಡೆದರು. ಆದರೆ ಆರೋಪಿಗಳ ಜಾಮೀನಿಗೆ ಸಂಸ್ಥೆಯ ಹಣ ಕೇಳಿದಾಗ ಒಪ್ಪಲಿಲ್ಲ. ನಡೆದ ಮಾತುಕತೆಗಳನ್ನು ಬರೆದಿಟ್ಟರು. 1973ರಲ್ಲಿ ಆ ಟಿಪ್ಪಣಿಗಳೇ ಸಾಕ್ಷ್ಯವಾದವು. 1974ರ ಆಗಸ್ಟ್ 9ರಂದು ನಿಕ್ಸನ್ನರು ಅಧಿಕಾರ ಬಿಟ್ಟರು.

ಕಡತದ ಟಿಪ್ಪಣಿಯನ್ನು ನಾವು ಹಗುರಾಗಿ ಕಾಣಬಾರದೆಂಬುದು ಇದಕ್ಕೇ.